ಒಂದು ತಟ್ಟಿದರೆ ನಿಲ್ಲು

ಗಂಟಲಲ್ಲಿ ಅಕ್ಕಿಕಾಳಿನಷ್ಟು ಗಂಟು, ಎಂದರು ಮಣಿಪಾಲದ ಡಾಕ್ಟರು.
ಹದಿನೈದು ದಿನ ಮಾತಿಲ್ಲ. ಪಿಸುಮಾತೂ ಇಲ್ಲ,
ಪಿಸುಮಾತೇ ಹೆಚ್ಚು ಕೆಟ್ಟದ್ದಂತೆ.
ಇಪ್ಪತ್ತಾರು ವರ್ಷ ಉಡುಪಿ–ಹೆಬ್ರಿ ರೂಟಿನಲ್ಲಿ
‘ಪಿರ ಪೋಲೆ, ಪಿರ ಪೋಲೆ’ ಎಂದು ಕೂಗಿ ಕೂಗಿ
ಐವತ್ತು ಸೀಟಿನ ಬಸ್ಸಿಗೆ ತೊಂಬತ್ತು ಜನ ಹಿಡಿಸಿದ ಗಂಟಲು.
ಮನೆಯಲ್ಲಿದ್ದರೆ ಇದರ ಬಾಯಿ ನಿಲ್ಲದು ಎಂದು ಹೆಂಡತಿ
ಎರಡು ಲುಂಗಿ, ಒಂದು ಸ್ಲೇಟು ಚೀಲಕ್ಕೆ ತುರುಕಿ
ಕಳಿಸಿದಳು ಕೊಕ್ಕರ್ಣೆಗೆ, ಅವಳ ಅಕ್ಕನ ಮಗಳ ಹತ್ತಿರ.

ಸುಗಂಧಿ ಹನ್ನೊಂದು ವರ್ಷ ಜಪಾನಿನಲ್ಲಿದ್ದವಳು,
ಬಿಸಿನೀರಿನ ಬುಗ್ಗೆಯ ಯಾವುದೋ ಊರಲ್ಲಿ
ಕಂಡವರ ಹಾಸಿಗೆ ಹಾಸಿ, ಮಡಚಿ.
ಬಂದವಳು ಸೀತಾನದಿಯ ಈಚೆಗೆ, ಗದ್ದೆಬದಿಯಲ್ಲಿ
ಅಂಥದ್ದೇ ಮನೆ ಕಟ್ಟಿದಳು. ಊರಿಗೆ ಅದು ‘ಕಾಗದದ ಮನೆ’.
ಹಲಸಿನ ಚೌಕಟ್ಟು, ಅದಕ್ಕೆ ಅಂಟಿಸಿದ ಬಿಳಿ ಹಾಳೆ.
ದೂಡಿದರೆ ಬಾಗಿಲು ಸರಿಯುತ್ತದೆ, ಬಡಿಯುವುದಿಲ್ಲ.
ಬಡಿಯದ ಬಾಗಿಲು ನಾನು ಕಂಡದ್ದು ಅದೇ ಮೊದಲು.

ಚಪ್ಪಲಿ ಹೊರಗೆ. ಅದೇನು ನಮಗೆ ಹೊಸತಲ್ಲ.
ಆದರೆ ಯಾರೋ ತಿರುಗಿಸಿಟ್ಟಿದ್ದರು,
ಹೊರಡುವ ಕಾಲಿಗೆ ಸರಿಯಾಗಿ, ಮೂತಿ ರಸ್ತೆಯ ಕಡೆಗೆ,
ಹೆಬ್ರಿಯಲ್ಲಿ ರಾತ್ರಿ ನಾವು ಬಸ್ಸು ತಿರುಗಿಸಿ ಇಡುವ ಹಾಗೆ.

ನೆಲಕ್ಕೆ ಮುಂಡೇವಿನ ಚಾಪೆ, ಮೂರು ಪದರ.
ಕೆನ್ನೆಯಿಟ್ಟು ಮಲಗಿದರೆ ಅಷ್ಟಮಿಯ ಮೂಡೆಯ ವಾಸನೆ;
ಉಂಡೆದ್ದವನಿಗೆ ಮತ್ತೆ ಹಸಿವು.
ಊಟವೋ, ಏಳು ಬಟ್ಟಲು. ಒಂದರಲ್ಲಿ ಒಂದೇ ಒಂದು ಬೂತಾಯಿ,
ಇನ್ನೊಂದರಲ್ಲಿ ಉಗುರಿನಷ್ಟು ತಿಮರೆ ಚಟ್ನಿ.
‘ಸಾಲದು’ ಎಂದು ಸ್ಲೇಟಿನಲ್ಲಿ ಬರೆದೆ.
ಓದಿದಳು, ನಕ್ಕಳು, ಸೆರಗಿನಿಂದ ಅಳಿಸಿದಳು.

ಸ್ನಾನ ಮಾಡಿ, ಆಮೇಲೆ ಸ್ನಾನಕ್ಕಿಳಿಯಬೇಕಂತೆ!
ಹೊರಗೆ ತಿಕ್ಕಿ ತೊಳೆದು, ಮರದ ತೊಟ್ಟಿಯಲ್ಲಿ
ಕುತ್ತಿಗೆವರೆಗೆ ಸುಮ್ಮನೆ ಕೂರುವುದು.
ಒಬ್ಬರು ಕೂತೆದ್ದ ನೀರಿಗೇ ಇನ್ನೊಬ್ಬರು.
ಹೆಂಡತಿ ಕೇಳಿದರೆ ಏನೆಂದಾಳು ಎಂದುಕೊಳ್ಳುತ್ತಲೇ ಇಳಿದೆ.
ಒಲೆಯಲ್ಲಿ ತೆಂಗಿನ ಮಡಲು ಚಟಚಟ.
ಬ್ಯಾಗಿನ ಪಟ್ಟಿ ಕೊರೆದ ಎಡಭುಜದ ಗೆರೆ
ಬಿಸಿಗೆ ಕೆಂಪಗೆ ಎದ್ದುಬಂತು,
ಅಲ್ಲಿದೆಯೆಂದು ನನಗೇ ಗೊತ್ತಿರಲಿಲ್ಲ.

ಎರಡನೆಯ ರಾತ್ರಿ ಆಚೆ ಕೋಣೆಗೆ ಯಾರೋ ಬಂದರು.
ಹೆಂಗಸು, ಒಬ್ಬಳೇ. ಹಾಳೆಯ ಮೇಲೆ ಬರೀ ನೆರಳು:
ಕೂದಲು ಬಿಚ್ಚಿದ್ದು, ಫೋನು ನೋಡಿದ್ದು,
ಫೋನನ್ನು ಬೋರಲು ಹಾಕಿದ್ದು.
ದೀಪ ಆರಿದ ಮೇಲೆ ಅಳು.
ಬಾಯಿಗೆ ಚಾದರ ಒತ್ತಿ ಅಳುವುದು ನನಗೆ ಗೊತ್ತು,
ಆಸ್ಪತ್ರೆಯ ಸ್ಟಾಪಿನಲ್ಲಿ ಹತ್ತುವವರಲ್ಲಿ ವಾರಕ್ಕೊಬ್ಬರು ಹಾಗೆ.
ಅಂಥವರ ಟಿಕೆಟು ಕೊನೆಗೆ ಕೇಳುತ್ತಿದ್ದೆ,
ಒಮ್ಮೊಮ್ಮೆ ಮರೆತೂ ಬಿಡುತ್ತಿದ್ದೆ,
ಚೆಕಿಂಗಿನವರಿಂದ ಬೈಸಿಕೊಂಡದ್ದೂ ಇದೆ.

ಸ್ವರ ಇದ್ದಿದ್ದರೆ ‘ಏನಮ್ಮಾ’ ಎನ್ನುತ್ತಿದ್ದೆ,
ನನ್ನ ಸ್ವರಕ್ಕೆ ಅವಳು ಬೆಚ್ಚಿಬೀಳುತ್ತಿದ್ದಳು.
ಸ್ಲೇಟು ಕತ್ತಲಲ್ಲಿ ಏನು ಮಾಡೀತು?
ತುಂಬ ಹೊತ್ತು ಕಾದು, ಹಲಸಿನ ಚೌಕಟ್ಟಿಗೆ
ಬೆರಳ ಗೆಣ್ಣಿನಿಂದ
ಟಕ್.
ಒಂದು ತಟ್ಟಿದರೆ ನಿಲ್ಲು ಅಂತ. ಅವಳಿಗೇನು ಗೊತ್ತು,
ಅದು ಡ್ರೈವರನಿಗೆ ಮಾತ್ರ ತಿಳಿಯುವ ಭಾಷೆ.
ಅಳು ನಿಂತಿತು. ಹೆದರಿಯೂ ನಿಂತಿರಬಹುದು.
ಜೀರುಂಡೆಗಳು ನಿಲ್ಲಲಿಲ್ಲ.
ಅಲ್ಲಿಯತನಕ ಕೇಳಿಸದ ಹೊಳೆ ಆಗ ಕೇಳಿಸಿತು.

ಇನ್ನೂ ಬೆಳಕಾಗಿರಲಿಲ್ಲ. ಆಚೆಯಿಂದ
ಟಕ್ ಟಕ್.
ಎರಡು ತಟ್ಟಿದರೆ ಹೋಗಲಿ ಅಂತ.
ಹಲ್ಲಿಯೂ ಲೊಚಗುಟ್ಟಿರಬಹುದು,
ಈ ಮನೆಯಲ್ಲಿ ಹಲ್ಲಿಗೂ ಕಾಗದದ ಮೇಲೆಯೇ ನಡಿಗೆ.

ಗದ್ದೆಯಾಚೆ ಆರೂಕಾಲಿನ ಬಸ್ಸು. ಹಾರನ್ನಿನಲ್ಲೇ ತಿಳಿಯಿತು,
ಡ್ರೈವರು ವಾಮನ. ಸೀಟಿ ಹೊಸ ಹುಡುಗನದ್ದು,
ಉದ್ದ ಊದುತ್ತಾನೆ, ಕಲಿಯಬೇಕು.
ಹೊರಗೆ ಬಂದು ನೋಡಿದೆ. ಮೆಟ್ಟಿಲ ಕಲ್ಲಿನ ತುಂಬ ಇಬ್ಬನಿ.
ನನ್ನ ಚಪ್ಪಲಿಯ ಪಕ್ಕ
ಎರಡು ಸಣ್ಣ ಪಾದದಷ್ಟು ಜಾಗ ಮಾತ್ರ ಒಣಗಿತ್ತು.
ಸುಗಂಧಿ ಪೊರಕೆ ಹಿಡಿದು ನಿಂತು ನನ್ನ ಮುಖ ನೋಡಿದಳು.
ಸ್ಲೇಟು ಒಳಗಿತ್ತು.
ಬಾಯಿಗೆ ಇನ್ನೂ ಹದಿಮೂರು ದಿನ ಬಾಕಿ.